ನಾಯಿಗೆ ನೋವಿನ ಮಾತ್ರೆ: ಮನೆಯಲ್ಲಿರೋದು ಕೊಡಬಹುದಾ?

ಶಿರಸಿ_ತೋಟ:
ಲ್ಯಾಬ್ರಡಾರ್, 9 ವರ್ಷ, 30 ಕೆಜಿ. ಮಳೆ ಹಿಡಿದ ಮೇಲೆ ಹಿಂಗಾಲು ಎಳೀತಾ ಇದೆ. ಮನೆಯಲ್ಲಿ ಡೈಕ್ಲೋಫೆನಾಕ್ ಇದೆ, ಅರ್ಧ ಮಾತ್ರೆ ಕೊಡಬಹುದಾ? ಹೋದ ವಾರ ತುರಿಕೆಗೆ ಪ್ರೆಡ್ನಿಸೊಲೋನ್ (ಸ್ಟೀರಾಯ್ಡ್ ಮಾತ್ರೆ) ಕೊಟ್ಟಿದ್ದರು.

ಕಡಲತೀರ:
ಬೇಡವೇ ಬೇಡ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಎರಡೂ ನಾಯಿಗೆ ಹೊಟ್ಟೆಹುಣ್ಣು ತರುತ್ತವೆ, ಕಿಡ್ನಿಗೂ ಪೆಟ್ಟು. ಡಾಕ್ಟರು ಸಾಮಾನ್ಯವಾಗಿ ಬರೆಯೋದು ಮೆಲಾಕ್ಸಿಕಾಮ್: ಮೊದಲ ದಿನ ಕೆಜಿಗೆ 0.2 ಮಿಗ್ರಾಂ, ಆಮೇಲೆ ದಿನಕ್ಕೊಮ್ಮೆ 0.1. ಅಂದರೆ ನಿಮ್ಮದಕ್ಕೆ 6, ನಂತರ 3 ಮಿಗ್ರಾಂ. ಮನುಷ್ಯರ 15 ಮಿಗ್ರಾಂ ಮಾತ್ರೆ ಕೊಟ್ಟರೆ ದಿನದ ಡೋಸಿನ ಐದು ಪಟ್ಟು! ನಾಯಿಗಳ ದ್ರವರೂಪದ ಔಷಧವೇ ಸರಿ; ಮಿಲೀಗೆ 1.5 ಮಿಗ್ರಾಂ ಇರುವುದಾದರೆ 3 ಮಿಗ್ರಾಂಗೆ 2 ಮಿಲೀ. ಅನ್ನ ತಿಂದ ಮೇಲೆ ಕೊಡಿ. ಊಟ ಬಿಟ್ಟ ದಿನ ಔಷಧವನ್ನೂ ಬಿಡಿ.

ಆದರೆ ಪ್ರೆಡ್ನಿಸೊಲೋನ್ ಜೊತೆ ಇದು ಸೇರಲೇಬಾರದು, ಕರುಳು ತೂತಾಗುವಷ್ಟು ಅಪಾಯ. ಕೊನೆಯ ಮಾತ್ರೆ ಎಂದು ಅಂತ ಡಾಕ್ಟರಿಗೆ ಹೇಳಿ. ಕನಿಷ್ಠ 5–7 ದಿನ ಅಂತರ ಬೇಕು.

ಘಟ್ಟದಮೇಲೆ:
ಒಂದು ಸೇರಿಸ್ತೇನೆ. ನಮ್ಮ ಕಡೆ ಉಣ್ಣೆ ಕಾಟ ಗೊತ್ತಲ್ಲ. ಉಣ್ಣೆ ಹುಳ ಕಚ್ಚಿ ಬರುವ ಎರ್ಲಿಕಿಯಾ ಜ್ವರದಲ್ಲೂ ಕೀಲು ನೋವು, ಕುಂಟು ಇರುತ್ತದೆ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಇಳಿದಿರುತ್ತದೆ. ಅದು ತಿಳಿಯದೆ ನೋವಿನ ಔಷಧ ಕೊಟ್ಟರೆ ರಕ್ತಸ್ರಾವ. ಮೊದಲು ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್, ಕ್ರಿಯೇಟಿನಿನ್ (ಕಿಡ್ನಿಗೆ), ಎಎಲ್‌ಟಿ (ಲಿವರ್‌ಗೆ) ನೋಡಿಸಿ.

ಶಿರಸಿ_ತೋಟ:
ಶುರು ಮಾಡಿದ ಮೇಲೆ ಏನು ಗಮನಿಸಬೇಕು?

ಕಡಲತೀರ:
ವಾಂತಿ, ಭೇದಿ, ಊಟ ಬೇಡ ಅನ್ನೋದು, ಡಾಂಬರಿನಂಥ ಕಪ್ಪು ಮಲ. ಒಂದು ಕಂಡರೂ ಔಷಧ ನಿಲ್ಲಿಸಿ, ಅವತ್ತೇ ಡಾಕ್ಟರಿಗೆ ತೋರಿಸಿ.