ರಜೆಯ ಮಾತು ಬರವಣಿಗೆಯಲ್ಲೇ ಇರಲಿ

ಪುಟ್ಟಿ, ಅಮ್ಮನ ಬೈಪಾಸ್‌ಗೆಂದು ಹಾಸನಕ್ಕೆ ಹೋಗಲು ರಜೆ ಕೇಳಿದರೆ ಡಲ್ಲಾಸ್‌ನ ನಿನ್ನ ಕೆಲಸಕ್ಕೆ ಕುತ್ತು ಬರುತ್ತದೆಯೇ, ಬಂದರೆ ಕಂಪನಿಯ ಮೇಲೆ ಕೇಸು ಹಾಕಬಹುದೇ ಎಂದು ರಾತ್ರಿ ನೀನು ನಮ್ಮ ಮನೆಯವರ ಗುಂಪಿನಲ್ಲಿ ಕೇಳಿದ್ದನ್ನು ಈಗ ನೋಡಿದೆ. ಹಾಕಬಹುದು, ಅಮೆರಿಕದ 1993ರ ಎಫ್‌ಎಂಎಲ್‌ಎ, ಅಂದರೆ ಕುಟುಂಬ ಮತ್ತು ವೈದ್ಯಕೀಯ ರಜೆಯ ಕಾನೂನು, ಆ ಹಕ್ಕನ್ನು ಕೊಟ್ಟಿದೆ. ಆದರೆ ಮ್ಯಾನೇಜರ್‌ನ ಬಾಯಿಮಾತನ್ನು ನಂಬಿ ವಿಮಾನ ಹತ್ತಬೇಡ.

2004ರಲ್ಲಿ ನಿಮ್ಮ ತಾತನಿಗೆ ಲಕ್ವ ಹೊಡೆದಾಗ ನಾನು ಮಿಷಿಗನ್‌ನಲ್ಲಿದ್ದುದು ನಿಮಗೆಲ್ಲ ಗೊತ್ತೇ ಇದೆ. ನನ್ನ ಮ್ಯಾನೇಜರ್ ಹೆಗಲ ಮೇಲೆ ಕೈಯಿಟ್ಟು, "ಮೊದಲು ತಂದೆಯನ್ನು ನೋಡಿಕೊಂಡು ಬಾ, ಕಾಗದಪತ್ರ ಆಮೇಲಾಯಿತು" ಎಂದಿದ್ದ. ತಿರುಗಿ ಬಂದಾಗ ಬ್ಯಾಡ್ಜ್‌ಗೆ ಬಾಗಿಲು ತೆರೆಯಲಿಲ್ಲ; ನನ್ನ ಮೇಜಿನ ಸಾಮಾನೆಲ್ಲ ರಟ್ಟಿನ ಪೆಟ್ಟಿಗೆಯಲ್ಲಿ ರಿಸೆಪ್ಷನ್‌ನಲ್ಲಿತ್ತು, ಮೇಲುಗಡೆ ನನ್ನ ಕಾಫಿ ಲೋಟ ತೊಳೆಯದೆ ಹಾಗೇ ಇತ್ತು. ನಾನು ಹೇಳದೆ ಕೇಳದೆ ಕೆಲಸ ಬಿಟ್ಟು ಹೋದೆನೆಂದು ಎಚ್‌ಆರ್‌ನವರು ಬರೆದುಕೊಂಡಿದ್ದರು, ಆ ಮ್ಯಾನೇಜರ್ ತಾನು ಹಾಗೆ ಹೇಳಿದ್ದೇ ಇಲ್ಲವೆಂದ. ವಕೀಲರು ಮೊದಲು ಕೇಳಿದ್ದೇ, "ಬರವಣಿಗೆಯಲ್ಲಿ ಏನಿದೆ?" ಕಾನೂನು ನನ್ನ ಕಡೆಗಿದ್ದರೂ ಸಾಕ್ಷಿ ಇರಲಿಲ್ಲವಾದ್ದರಿಂದ, ವಕೀಲರ ಫೀಸಿಗೆ ಸಾಲುವಷ್ಟು ಹಣಕ್ಕೆ ರಾಜಿಯಾಗಬೇಕಾಯಿತು. ಅದಕ್ಕೇ ಮತ್ತೆ ಹೇಳುತ್ತೇನೆ, ಬಾಯಿಮಾತನ್ನು ನಂಬಿ ವಿಮಾನ ಹತ್ತಬೇಡ.

ಇನ್ನು ಆ ಕಾನೂನಾದರೂ ಎಂಥದ್ದು! ವರ್ಷಕ್ಕೆ 12 ವಾರ, ಅದೂ ಸಂಬಳವಿಲ್ಲದೆ. ತಂದೆ ತಾಯಿ, ಗಂಡ ಹೆಂಡತಿ, ಮಕ್ಕಳು ಅದರ ಲೆಕ್ಕಕ್ಕೆ ಬರುತ್ತಾರೆ. ಸೊಸೆಗೆ ಅತ್ತೆ ಮಾವ ಬರುವುದಿಲ್ಲ. ನಿಮ್ಮಜ್ಜಿಯ ಕೊನೆಗಾಲದಲ್ಲಿ ಗಂಜಿ ಕುಡಿಸಿದ್ದು ನನ್ನ ಹೆಂಡತಿ, ಮತ್ತು ಅದಕ್ಕಾಗಿ ಅವಳು ಕೆಲಸಕ್ಕೆ ರಾಜೀನಾಮೆ ಕೊಡಬೇಕಾಯಿತು. ಅಣ್ಣನ ಮನೆಯವರು ಮಾತ್ರ ಇವತ್ತಿಗೂ "ಅಮೆರಿಕದ ಸೊಸೆ ಆರಾಮಾಗಿದ್ದಳು" ಎನ್ನುತ್ತಾರೆ. ಅವರೂ ಈ ಗುಂಪಿನಲ್ಲಿದ್ದಾರೆ, ಓದಿಕೊಳ್ಳಲಿ.

ಅಯ್ಯೋ, ಮುಖ್ಯವಾದದ್ದೇ ಉಳಿಯಿತು. ಇವತ್ತೇ ಎಚ್‌ಆರ್‌ಗೆ ಇಮೇಲ್ ಬರೆದು, ಯಾರಿಗೆ ಏನಾಗಿದೆ, ಯಾವತ್ತಿನಿಂದ ರಜೆ ಬೇಕು ಎಂಬುದನ್ನು ತಿಳಿಸಿ, ಅದರ ಒಂದು ಪ್ರತಿಯನ್ನು ನಿನ್ನ ಸ್ವಂತ ವಿಳಾಸಕ್ಕೂ ಕಳಿಸಿಕೊ. ಆಪರೇಷನ್ ದಿನ ಮೊದಲೇ ಗೊತ್ತಿದ್ದರೆ 30 ದಿನ ಮುಂಚೆ ತಿಳಿಸಬೇಕು, ಇಲ್ಲವಾದರೆ ಸಾಧ್ಯವಾದಷ್ಟು ಬೇಗ. ನೀನು ಅರ್ಹಳೋ ಅಲ್ಲವೋ ಎಂಬುದನ್ನು ಅವರು ಸಾಮಾನ್ಯವಾಗಿ ಐದು ಕೆಲಸದ ದಿನಗಳೊಳಗೆ ಹೇಳಬೇಕು. ವೈದ್ಯರ ಪ್ರಮಾಣಪತ್ರ ಕೇಳಿದರೆ ಒದಗಿಸಲು ಕನಿಷ್ಠ 15 ದಿನ ಇರುತ್ತದೆ. ಹಾಸನದ ಡಾಕ್ಟರು ಕೊಟ್ಟದ್ದನ್ನೂ ಅವರು ಒಪ್ಪಲೇಬೇಕು, ಕನ್ನಡದಲ್ಲಿದ್ದು ಅವರು ಕೇಳಿದರೆ ಮಾತ್ರ ಅನುವಾದ ಕೊಡು. ರಜೆಯಲ್ಲಿದ್ದಾಗ ಕಂಪನಿಯ ಆರೋಗ್ಯ ವಿಮೆ ಮುಂದುವರಿಯುತ್ತದೆ, ನಿನ್ನ ಪಾಲಿನ ಪ್ರೀಮಿಯಂ ಕಟ್ಟುತ್ತಿರು. ಇಷ್ಟಾದರೂ ತೆಗೆದುಹಾಕಿದರೆ ಕೋರ್ಟಿಗೆ ಹೋಗಲು ಎರಡು ವರ್ಷ, ಬೇಕೆಂದೇ ಮಾಡಿದ್ದರೆ ಮೂರು ವರ್ಷ ಅವಕಾಶವಿದೆ.

ಇದೆಲ್ಲ ನಿನಗೆ ಅನ್ವಯಿಸಬೇಕಾದರೆ ಅಲ್ಲಿ ಸೇರಿ 12 ತಿಂಗಳಾಗಿರಬೇಕು, ಹಿಂದಿನ ಒಂದು ವರ್ಷದಲ್ಲಿ 1,250 ಗಂಟೆ ದುಡಿದಿರಬೇಕು, ನಿನ್ನ ಆಫೀಸಿನ 75 ಮೈಲಿಯೊಳಗೆ ಕಂಪನಿಗೆ 50 ಜನ ನೌಕರರಿರಬೇಕು. ನಿಮ್ಮಲ್ಲಿ ಎಷ್ಟು ಜನರಿದ್ದಾರೆ, ಮೊದಲು ಅದನ್ನು ಬರೆ.