ಸಹಾಯ ಬೇಕು: ಮೊಣಕಾಲು ನೋವಿರುವ ತಾಯಿಯೊಂದಿಗೆ ಸಮ್ಮೇದ ಶಿಖರ್ಜಿ ಯಾತ್ರೆ

ಎಲ್ಲರಿಗೂ ಜೈ ಜಿನೇಂದ್ರ. ಜೈನರ 24 ತೀರ್ಥಂಕರರಲ್ಲಿ 20 ಮಂದಿ ಮೋಕ್ಷ ಪಡೆದ ಸಮ್ಮೇದ ಶಿಖರ್ಜಿ ಬೆಟ್ಟದ ವಂದನೆಗಾಗಿ ಈ ಚಳಿಗಾಲದಲ್ಲಿ ತಾಯಿಯವರನ್ನು ಜಾರ್ಖಂಡಿಗೆ ಕರೆದೊಯ್ಯಬೇಕೆಂದಿದ್ದೇನೆ. ಪಾರಸನಾಥ ನಿಲ್ದಾಣದಲ್ಲಿ ರೈಲು ಇಳಿದು ಬೆಟ್ಟದ ಬುಡದಲ್ಲಿರುವ ಮಧುಬನ ತಲುಪುವವರೆಗಿನ ವ್ಯವಸ್ಥೆ ಆಗಿದೆ. ಚಿಂತೆಯೆಲ್ಲ ಅಲ್ಲಿಂದ ಮುಂದಿನದು.

ಏರಲು 9 ಕಿಲೋಮೀಟರ್, ಮೇಲೆ ಟೋಂಕುಗಳ (ಪಾದಚಿಹ್ನೆಗಳಿರುವ ಚಿಕ್ಕ ಗುಡಿಗಳ) ವಂದನೆಗೆ 9, ಇಳಿಯಲು ಮತ್ತೆ 9, ಹೀಗೆ ಒಟ್ಟು 27 ಕಿಲೋಮೀಟರ್ ದಾರಿಯಲ್ಲಿ ಡೋಲಿಯಲ್ಲಿ ಕೂರಲು ತಾಯಿಯವರು ಒಪ್ಪಿದ್ದಾರೆ. ಆದರೆ ಮೇಲಿನ ಒಂದಷ್ಟು ದಾರಿಯನ್ನಾದರೂ ಬರಿಗಾಲಲ್ಲಿ ನಡೆದೇ ತೀರಬೇಕೆಂಬ ಹಟ ಅವರದು (ಆ ಹಟ ಬಿಡಿಸುವ ಶಕ್ತಿ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ). ಚಂದ್ರಪ್ರಭ ಸ್ವಾಮಿಯ ಟೋಂಕು ಉಳಿದವುಗಳಿಂದ ದೂರದಲ್ಲಿದೆ, ಪಾರ್ಶ್ವನಾಥ ಸ್ವಾಮಿಯದು ಬೆಟ್ಟದ ತುತ್ತತುದಿಯಲ್ಲಿದೆ. ಆದ್ದರಿಂದ ಆ ಎರಡನ್ನೂ ಡೋಲಿಗೆ ಬಿಟ್ಟು, ಮಹಾವೀರರ ಶಿಷ್ಯ ಗೌತಮ ಸ್ವಾಮಿಯ ಟೋಂಕಿನ ಆಸುಪಾಸಿನ ದಾರಿಯಲ್ಲಿ ಮಾತ್ರ ಅವರನ್ನು ನಡೆಸುವುದು ಸೂಕ್ತವೆಂದು ನನಗನ್ನಿಸುತ್ತದೆ. ಹೋಗಿಬಂದವರು ದಯವಿಟ್ಟು ಹೇಳಿ: ಆ ಭಾಗದ ಮೆಟ್ಟಿಲುಗಳು ಎಷ್ಟು ಎತ್ತರವಾಗಿವೆ, ಹಿಡಿದುಕೊಳ್ಳಲು ಕಂಬಿಗಳಿವೆಯೇ, ಡೋಲಿಯವರು ಅಷ್ಟು ಹೊತ್ತು ಕಾಯುತ್ತಾರೆಯೇ?

ಡೋಲಿಯ ದರವನ್ನು ಕೂರುವವರ ತೂಕ ನೋಡಿ ನಿಗದಿ ಮಾಡುತ್ತಾರೆಂದು ಕೇಳಿದ್ದೇನೆ. ಹಿಂದಿನ ಸಂಜೆಯೇ ಗೊತ್ತುಮಾಡಿಕೊಳ್ಳಬೇಕೇ ಎಂಬುದನ್ನೂ ತಿಳಿಸಿ. ತಾಯಿಯವರು ಬೆಟ್ಟದ ಮೇಲೆ ಆಹಾರ ನೀರು ಸೇವಿಸುವುದಿಲ್ಲ, ಸೂರ್ಯಾಸ್ತದ ನಂತರವೂ ಊಟ ಮಾಡುವುದಿಲ್ಲ. ಆದ್ದರಿಂದ ಹೊತ್ತು ಮುಳುಗುವುದಕ್ಕೆ ಸಾಕಷ್ಟು ಮೊದಲೇ ಮಧುಬನಕ್ಕೆ ಮರಳಬೇಕಾದರೆ ನಸುಕಿನಲ್ಲಿ ಎಷ್ಟು ಗಂಟೆಗೆ ಹೊರಡಬೇಕು? ವಯಸ್ಸಾದವರನ್ನು ಕರೆದೊಯ್ದ ಅನುಭವವಿರುವವರು ಉತ್ತರಿಸಿದರೆ ಹೆಚ್ಚು ಉಪಕಾರವಾಗುತ್ತದೆ.