ಪದ ಬೇಕು: ಫ್ರೀವೇ (ನಾಳೆ ಬೆಳಿಗ್ಗೆಯೊಳಗೆ)

ಹವಾಯಿಯ ಹೊನೊಲುಲುವಿನಲ್ಲಿರುವ ಮಕ್ಕಳ ಮನೆಗೆ ಹೋಗುವ ಹಿರಿಯರಿಗೆಂದು ಚಿಕ್ಕ ಕೈಪಿಡಿ ಮಾಡುತ್ತಿದ್ದೇನೆ. ನಾಳೆ ಅಚ್ಚಿಗೆ ಹೋಗಬೇಕು. ಅಲ್ಲಿನ ‘ಮೊಅನಲುವಾ ಫ್ರೀವೇ’ ಎಂಬ ರಸ್ತೆಯ ಹೆಸರನ್ನು ಕನ್ನಡಕ್ಕೆ ತರುವಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಇರುವುದೇ ಸುಮಾರು 6.5 ಕಿ.ಮೀ. ಎರಡು ತುದಿಯೂ ಅಲ್ಲಿನ ಮುಖ್ಯ ಫ್ರೀವೇ ಆದ ಎಚ್-1ಕ್ಕೇ ಸೇರುತ್ತವೆ, ಹಾಲಾವಾದಲ್ಲಿ ಒಂದು, ಫೋರ್ಟ್ ಶಾಫ್ಟರ್ ಸೇನಾ ನೆಲೆಯ ಹತ್ತಿರ ಇನ್ನೊಂದು. ‘ಮುಕ್ತಮಾರ್ಗ’ ಅಂತ ಬರೆದಿದ್ದೆ. ಓದಿದವರೆಲ್ಲ ‘ಟೋಲ್ ಇಲ್ವಾ?’ ಅಂತಲೇ ಕೇಳಿದರು.

ಮರು:
‘ಹೆದ್ದಾರಿ’ ಇದೆಯಲ್ಲ. ಪೆರ್ (ದೊಡ್ಡ) + ದಾರಿ. ಹೆಬ್ಬಾಗಿಲು, ಹೆಮ್ಮರದ ಸಾಲಿನ ಪದ. ಮುಕ್ತವೂ ಬೇಡ, ಮಾರ್ಗವೂ ಬೇಡ. ಎಲ್ಲದಕ್ಕೂ ಸಂಸ್ಕೃತ ಸುರಿಯುವುದನ್ನು ಬಿಡಿ.

ಮರು:
ಹೆದ್ದಾರಿ ಒಳ್ಳೆಯ ಪದ, ಆದರೆ ಇಲ್ಲಿ ಸಾಲದು. ಅದೇ ಊರಲ್ಲಿ ನಿಮಿಟ್ಜ್ ಹೈವೇ ಇದೆ, ಅಲ್ಲಿ ಸಿಗ್ನಲ್ ಉಂಟು. ಮೊಅನಲುವಾದಲ್ಲಿ ಇಲ್ಲ, ಅಡ್ಡರಸ್ತೆಯೂ ಇಲ್ಲ. ಎರಡಕ್ಕೂ ಒಂದೇ ಹೆಸರಿಟ್ಟರೆ ರಸ್ತೆ ದಾಟಲು ನಿಲ್ಲುವವರ ಗತಿ ಏನು? ಫ್ರೀ ಅಂದರೆ ಇಲ್ಲಿ ಬಿಟ್ಟಿ ಅಲ್ಲ, ತಡೆ ಇಲ್ಲ ಅಂತ. ಹವಾಯಿಯಲ್ಲಿ ಟೋಲ್ ರಸ್ತೆಯೇ ಇಲ್ಲ, ಹಾಗಾಗಿ ಸುಂಕದ ಮಾತೇ ಬರುವುದಿಲ್ಲ. ‘ತಡೆಯಿಲ್ಲದ ಹೆದ್ದಾರಿ’ ಅನ್ನಿ.

ಇನ್ನೊಂದು. 2004ರಲ್ಲಿ ಮೊಅನಲುವಾಕ್ಕೆ ಎಚ್-201 ಅಂತ ಬೋರ್ಡ್ ಬಂತು, ಅದು ಅಮೆರಿಕದ ಇಂಟರ್‌ಸ್ಟೇಟ್ ಹೆದ್ದಾರಿ ಜಾಲಕ್ಕೆ ಸೇರಿದ್ದು. ಹಾಗಂತ ‘ಅಂತರರಾಜ್ಯ’ ಅಂತ ಬರೆಯಬೇಡಿ. ದ್ವೀಪದ ರಸ್ತೆ ಯಾವ ರಾಜ್ಯಕ್ಕೆ ಹೋಗುತ್ತದೆ? ಅದು ಕೇಂದ್ರದ ಹಣ ಬರುವ ಜಾಲದ ಹೆಸರು, ಅಷ್ಟೇ.

ಮರು:
‘ಸಿಗ್ನಲ್’, ‘ಬೋರ್ಡ್’ ಅಂತ ಬರೆದುಕೊಂಡು ಕನ್ನಡ ಕಲಿಸುತ್ತೀರಾ? ಕೈಮರ ಎಲ್ಲಿ ಹೋಯಿತು?

ಮರು:
ಕೈಮರ ಹೆಚ್ಚಾಗಿ ರೈಲಿನ ಸಿಗ್ನಲ್ ಕಂಬಕ್ಕೆ ಹೇಳುವ ಮಾತು. ನೀವು ದಿನಾ ಆಡುವ ‘ರಸ್ತೆ’ ಪಾರಸಿಯದು, ‘ಬೀದಿ’ ಸಂಸ್ಕೃತದ ವೀಥಿ. ಅವನ್ನೂ ಬಿಡುತ್ತೀರಾ? ಬಂದ ಪದ ನಮ್ಮ ಬಾಯಲ್ಲಿ ಕೂತ ಮೇಲೆ ನಮ್ಮದೇ. ಅದನ್ನು ಹೊರಗೆ ದೂಡಿದರೆ ಭಾಷೆ ಬಡವಾಗುತ್ತದೆ. ಈ ಮಾತು ನಾನು ಬಿಡುವುದಿಲ್ಲ.

ಮರು:
ಇಬ್ಬರಿಗೂ ನಮಸ್ಕಾರ. ಅಲ್ಲಿನ ಫಲಕದ ಮೇಲೆ ಫ್ರೀವೇ ಅಂತಲೇ ಇರುವುದರಿಂದ ಹೆಸರು ಬದಲಿಸುವುದಿಲ್ಲ. ಹೀಗೆ ಅಚ್ಚಿಗೆ ಕಳಿಸುತ್ತಿದ್ದೇನೆ: ‘ಮೊಅನಲುವಾ ಫ್ರೀವೇ: ಎಚ್-1ಕ್ಕಿಂತ ಬೆಟ್ಟದ ಕಡೆಗಿರುವ, ತಡೆಯಿಲ್ಲದ ಹೆದ್ದಾರಿ. ನಡೆದು ದಾಟಬೇಡಿ.’ ಅಲ್ಲಿಯವರು ದಿಕ್ಕು ಹೇಳುವಾಗ ಬೆಟ್ಟದ ಕಡೆಗೆ ‘ಮೌಕಾ’, ಕಡಲ ಕಡೆಗೆ ‘ಮಕಾಯ್’ ಅನ್ನುತ್ತಾರೆ. ಅವೆರಡನ್ನೂ ಹಾಗೇ ಸೇರಿಸಿದ್ದೇನೆ.